ಪಡಿತರ ಚೀಟಿಯ ಸನ್ನಿಧಾನಕ್ಕೊಂದು ಬಹಿರಂಗ ಬಿನ್ನಹ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ಕೆಲಸವಿಲ್ಲದ ಸಮಸ್ತರ ಪರವಾಗಿ, ಮನುಷ್ಯರನ್ನು ಒಲೆಯ ಲೆಕ್ಕದಲ್ಲಿ ಎಣಿಸುವ ಪಡಿತರ ಚೀಟಿಯ ಸನ್ನಿಧಾನಕ್ಕೆ ಅರಿಕೆ ಮಾಡಿಕೊಳ್ಳುವುದೇನೆಂದರೆ, ಈ ಸೀಮೆಯಲ್ಲಿ ನಿರುದ್ಯೋಗಿಗೆ ಸಲ್ಲುವ ಪಾಲು ಆತನಿಗೆ ಕೆಲಸ ಇದೆಯೋ ಇಲ್ಲವೋ ಎಂಬುದಕ್ಕಿಂತ ಆತ ಯಾರ ಜೊತೆ ಉಣ್ಣುತ್ತಾನೆ ಎಂಬುದರ ಮೇಲೆ ನಿಂತಿದೆ.

2005ರ ಉದ್ಯೋಗ ಖಾತರಿ ಕಾಯ್ದೆಯು 'ಕುಟುಂಬ' ಎಂಬ ಪದಕ್ಕೆ ಕೊಟ್ಟ ಅರ್ಥ ಸನ್ನಿಧಾನಕ್ಕೆ ತಿಳಿಯದ್ದಲ್ಲ: ರಕ್ತಸಂಬಂಧ, ಮದುವೆ ಅಥವಾ ದತ್ತಕದಿಂದ ಕೂಡಿಕೊಂಡು, ಒಟ್ಟಿಗೆ ವಾಸಿಸಿ, ಒಟ್ಟಿಗೆ ಉಣ್ಣುವವರು ಅಥವಾ ಒಂದೇ ಪಡಿತರ ಚೀಟಿಯಲ್ಲಿರುವವರು. ವರ್ಷಕ್ಕೆ 100 ದಿನದ ಕೂಲಿಯನ್ನು ಆ ಕಾಯ್ದೆ ಆಳಿಗೆ ಕೊಡದೆ ಈ ಕುಟುಂಬಕ್ಕೆ ಕೊಟ್ಟಿದ್ದರಿಂದ, ಮದುವೆಯಾದ ಮೂವರು ಅಣ್ಣತಮ್ಮಂದಿರು ಒಟ್ಟಿಗೆ ಉಂಡರೆ ತಲೆಗೆ 33 ದಿನ ಬಂದು ಒಂದು ದಿನ ಜಗಳಕ್ಕೆ ಮಿಕ್ಕಿತು. ಬೇರೆ ಒಲೆ ಹೂಡಿದವರಿಗೆ ತಲಾ ನೂರು ದಿನ ದಕ್ಕಿತು. ಗೃಹಲಕ್ಷ್ಮಿ ಯೋಜನೆಯ ತಿಂಗಳ 2,000 ರೂಪಾಯಿಯೂ ಚೀಟಿಯ ಯಜಮಾನಿಗಷ್ಟೇ ಸಲ್ಲುವುದರಿಂದ, ಮೂವರು ಸೊಸೆಯರು ಅತ್ತೆಯ ಪಾಸ್‌ಬುಕ್ಕಿಗೆ ಕೈಮುಗಿದು ಸುಮ್ಮನಾಗಬೇಕು.

ನಿರುದ್ಯೋಗ ಭತ್ಯೆ ಕೊಡುವ ಯುವನಿಧಿಯದು ಇದಕ್ಕೆ ತದ್ವಿರುದ್ಧ ನೀತಿ. 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಚಾಲನೆಗೊಂಡ ಈ ಯೋಜನೆ ಪದವೀಧರನಿಗೆ ತಿಂಗಳಿಗೆ 3,000, ಡಿಪ್ಲೊಮಾ ಪಡೆದವನಿಗೆ 1,500 ರೂಪಾಯಿಗಳನ್ನು ಗರಿಷ್ಠ ಎರಡು ವರ್ಷ ಕೊಡುವಾಗ, ಆತ ಅಪ್ಪನ ತೋಟದ ಮನೆಯಲ್ಲಿ ಉಂಡು ಮಲಗುತ್ತಾನೋ, ಬೆಂಗಳೂರಿನ ಬಾಡಿಗೆ ಕೋಣೆಯಲ್ಲಿ ನಾಲ್ವರ ನಡುವೆ ಚಾಪೆ ಹಾಸುತ್ತಾನೋ ಎಂದು ಕೇಳುವುದಿಲ್ಲ. ಅಪ್ಪನ ತೋಟಕ್ಕೆ ನೀರು ಹಾಯಿಸುವುದನ್ನು ಉದ್ಯೋಗವೆಂದು ಆ ಮಗನೂ ಬಗೆಯುವುದಿಲ್ಲ. ಕೆಲಸ ಇದ್ದಂತೆ ಕಂಡರೂ ಆ ಆಳಿಲ್ಲದೆಯೂ ನಡೆಯುವ ಇಂಥ ದುಡಿಮೆಯನ್ನು ಅರ್ಥಶಾಸ್ತ್ರಜ್ಞರು 'ಪ್ರಚ್ಛನ್ನ ನಿರುದ್ಯೋಗ' ಎಂಬ ಗೌರವದ ಹೆಸರಿನಿಂದ ಕರೆಯುತ್ತಾರೆ. ನೆಲಕ್ಕೆ ನೆಟ್ಟ ಹಾರೆಯ ಮೊನೆಗೆ ತೆಂಗಿನಕಾಯಿ ಕುಕ್ಕಿ, ಎರಡು ತಿರುವಿಗೆ ಮಟ್ಟೆ ಬಿಡಿಸುವ ಆಳಿಗೆ ಸುಲಿಯಲು ಕಾಯಿ ಇಲ್ಲದ ದಿನಗಳಲ್ಲಿ ಅಂಥ ಹೆಸರೂ ಇಲ್ಲ, ಪದವಿ ಇಲ್ಲದ್ದರಿಂದ ನಿಧಿಯೂ ಇಲ್ಲ.

ಫಲಿತಾಂಶ ಬಂದು 180 ದಿನ ಕೆಲಸ ಸಿಗದಿದ್ದವನನ್ನು ಯೋಜನೆ ನಿರುದ್ಯೋಗಿ ಎಂದು ಒಪ್ಪುತ್ತದೆ. ಈ ಸೀಮೆಯ ಅನುಭವ ಬೇರೆ: ಅಟ್ಟಕ್ಕೆ ಏರಿಸಿದ ಕಾಯಿ ಒಳಗಿನ ನೀರು ಇಂಗಿ, ಗಿಟುಕು ಚಿಪ್ಪು ಬಿಟ್ಟು, ಅಲುಗಾಡಿಸಿದರೆ ಗಡಗಡ ಸದ್ದು ಮಾಡಿ ಉಂಡೆ ಕೊಬ್ಬರಿ ಎನಿಸಿಕೊಳ್ಳಲು ಹತ್ತು ಹನ್ನೊಂದು ತಿಂಗಳಾದರೂ ಬೇಕು. ಪದವೀಧರ ತೆಂಗಿನಕಾಯಿಗಿಂತ ಬೇಗ ಒಣಗುತ್ತಾನೆಂಬ ಸರ್ಕಾರದ ಈ ಅಂದಾಜನ್ನು ಅಲ್ಲಗಳೆಯುವ ಧೈರ್ಯ ತಿಪಟೂರಿನ ಕೊಬ್ಬರಿ ಮಾರುಕಟ್ಟೆಗೂ ಇದ್ದಂತಿಲ್ಲ.

ಒಲೆಯ ಲೆಕ್ಕ ಬೇರೆ ಕಡೆಯೂ ನಡೆದಿದೆ: ಮನೆಮಂದಿಯ ಸಂಪಾದನೆಯನ್ನೆಲ್ಲ ಕೂಡಿಸಿ ನೋಡಿ ನಿರುದ್ಯೋಗ ಭತ್ಯೆ ಕೊಡುವುದು ನ್ಯಾಯವೆಂದು ಬಗೆದ ಬ್ರಿಟನ್ 1931ರಲ್ಲಿ ಹಾಗೇ ಮಾಡಿತು. ಮಗನ ಕೂಲಿಯಿಂದ ಅಪ್ಪನ ಭತ್ಯೆ ಕರಗತೊಡಗಿದಾಗ ಮಕ್ಕಳು ಮನೆ ಬಿಟ್ಟರು. ಅಲ್ಲಿಯೂ ಒಡೆದದ್ದು ಒಲೆಯೇ.

ಆದಕಾರಣ, ಈ ಸೀಮೆಯ ಕೂಡುಕುಟುಂಬಗಳು ಹಿಸೆಗೆ ಸಿದ್ಧವಾಗಿ ಕಾದಿರುವುದನ್ನು ಪರಿಗಣಿಸಿ, ಅಡುಗೆಮನೆಯ ನಡುವೆ ಕಟ್ಟಬೇಕಾದ ತಡಿಕೆ ತೆಂಗಿನ ಗರಿಯದಾದರೆ ಸಾಕೋ, ಇಟ್ಟಿಗೆ ಗೋಡೆಯೇ ಆಗಬೇಕೋ, ಮತ್ತು ಅದರ ಸಂದಿಯಿಂದ ಅತ್ತಿಗೆಯು ಮೈದುನನ ಮಗುವಿಗೆ ಮುದ್ದೆ ದಾಟಿಸಿದರೆ ಎರಡು ಚೀಟಿಗಳೂ ರದ್ದಾಗುತ್ತವೆಯೋ ಎಂಬುದನ್ನು ಸನ್ನಿಧಾನವು ಲಿಖಿತವಾಗಿ ಸ್ಪಷ್ಟಪಡಿಸಬೇಕೆಂದು ಪ್ರಾರ್ಥಿಸಲಾಗಿದೆ.