ಎಳೆಗೂಸಿನ ಮನೆಯ ದೊಡ್ಡಮ್ಮ

ಆಲೂರು ತಾಲ್ಲೂಕಿನ ನಮ್ಮ ಮಗ್ಗೆಯಲ್ಲಿ ಕೂಸು ಹುಟ್ಟಿದ ಮನೆಯನ್ನು ಗುರುತಿಸುವುದಕ್ಕೆ ಬಾಗಿಲಿಗೆ ಸಿಕ್ಕಿಸಿದ ಬೇವಿನ ಸೊಪ್ಪನ್ನಾಗಲಿ, ಹಗ್ಗದ ಮೇಲೆ ಸಾಲಾಗಿ ಹರವಿದ ಲಂಗೋಟಿಗಳನ್ನಾಗಲಿ ಹುಡುಕಬೇಕಾದ ಅಗತ್ಯವಿಲ್ಲ. ಜಗಲಿಯ ಕೆಳಗೆ ಹಿಮ್ಮಡಿ ಸವೆದ ಒಂದು ಜೊತೆ ಹವಾಯಿ ಚಪ್ಪಲಿಯೂ, ಅದರ ಪಕ್ಕದಲ್ಲಿ ಗೋಡೆಗೆ ಒರಗಿಸಿದ, ಆ ಮನೆಗೂ ಚಪ್ಪಲಿಯ ಒಡತಿಗೂ ಸೇರದ, ಹಿಂದಿನ ಬಾಣಂತಿಯ ಮನೆಯಿಂದ ಬಂದ ಒಂದು ಕರಿಯ ಕೊಡೆಯೂ ಕಂಡವೆಂದರೆ, ಒಳಗೆ ಎಳೆಗೂಸಿದೆಯೆಂದೂ ಅದರ ತಲೆಯ ಆಕಾರವನ್ನು ಕುರಿತು ಆಗಲೇ ವಿಚಾರವಿನಿಮಯ ಆರಂಭವಾಗಿದೆಯೆಂದೂ ನಿಸ್ಸಂಶಯವಾಗಿ ತಿಳಿಯಬಹುದು. ದೊಡ್ಡಮ್ಮ ಬಂದಿದ್ದಾರೆ.

ದೊಡ್ಡಮ್ಮ ಎಂಬುದು ಹೆಸರಲ್ಲ, ಪದವಿ. ಯಾರಿಗೆ ದೊಡ್ಡಮ್ಮ, ಯಾವ ಕಡೆಯಿಂದ ದೊಡ್ಡಮ್ಮ ಎಂದು ವಂಶಾವಳಿಯನ್ನು ಶೋಧಿಸಹೊರಟವರು ಮೂರನೆಯ ತಲೆಮಾರಿನಲ್ಲಿ ದಾರಿ ತಪ್ಪುತ್ತಾರೆ. ಸಕಲೇಶಪುರದ ಕಡೆಯ ತೋಟದ ಮನೆಗಳಲ್ಲಿಯೂ ಇಂತಹವರೊಬ್ಬರು ಇದ್ದೇ ಇರುತ್ತಾರೆ. ಓದುಗರ ಊರಿನಲ್ಲಿ ಇಲ್ಲವೆಂದಾದರೆ, ಆ ಊರಿನಲ್ಲಿ ಬಹುಕಾಲದಿಂದ ಮಕ್ಕಳೇ ಹುಟ್ಟಿಲ್ಲವೆಂದು ನಾನು ಊಹಿಸುತ್ತೇನೆ. ಆಕೆ ಸೂಲಗಿತ್ತಿಯೇನೂ ಅಲ್ಲ. ಹೆರಿಗೆಯೆಂಬ ಕಷ್ಟದ ಕಾರ್ಯವನ್ನು ಬೇರೆಯವರು ಪೂರೈಸಿದ ಬಳಿಕ ಅದರ ಮೇಲ್ವಿಚಾರಣೆಗೆ ಬರುವುದು ಆಕೆಯ ಕ್ರಮ. ಹಾಗಿದ್ದರೂ ಪಾವಗಡದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಪ್ರಶಸ್ತಿ ಬಂದ ಸುದ್ದಿಯನ್ನು ಯಾರೋ ಓದಿ ಹೇಳಿದಾಗ, "ಬರ್ಲಿ ಬಿಡಪ್ಪ, ನಮ್ಮಂಥೋರ್ಗೆ ಒಬ್ರಿಗಾದ್ರೂ ಬಂತಲ್ಲ" ಎಂದು ಆ ಗೌರವದಲ್ಲಿ ತಮ್ಮ ಪಾಲನ್ನು ನಿರ್ಮಮತೆಯಿಂದ ಬಿಟ್ಟುಕೊಟ್ಟರೆಂಬುದನ್ನು ಇಲ್ಲಿ ದಾಖಲಿಸಬೇಕು.

ನನ್ನ ಮಗಳು ಹಾಸನದಲ್ಲಿ ಹೆತ್ತು, ಪುಷ್ಯ ಮಳೆ ಕಣ್ಣು ಬಿಡದೆ ಹೊಯ್ಯುತ್ತಿದ್ದ ಒಂದು ಮಧ್ಯಾಹ್ನ ತೌರಿಗೆ ಬಂದಿಳಿದಳು. ಕಾರಿನ ಬಾಗಿಲು ತೆರೆಯುವುದಕ್ಕೆ ಮೊದಲೇ ದೊಡ್ಡಮ್ಮ ಅಂಗಳದಲ್ಲಿದ್ದರು. ಆರತಿಯ ತಟ್ಟೆಯನ್ನು ಹಿಡಿದಿದ್ದ ನನ್ನಾಕೆಯನ್ನು ಮೊಣಕೈಯಿಂದ ಓಸರಿಸಿ, ಕಂಬಳಿಯ ಮಡಿಕೆಯನ್ನು ಎರಡು ಬೆರಳಿನಿಂದ ಸರಿಸಿ, ಕೂಸಿನ ಮುಖವನ್ನು ಸಂತೆಯಲ್ಲಿ ಸೌತೆಕಾಯಿಯನ್ನು ಪರೀಕ್ಷಿಸುವವರಂತೆ ಅವಲೋಕಿಸಿ, ತೀರ್ಪನ್ನು ನೀಡಿದರು: "ಅಯ್ಯೋ, ಸೊರಗೋಗದಲ್ಲ ಕೂಸು!" 2 ಕಿಲೋ 900 ಗ್ರಾಂ ತೂಗಿ ಹುಟ್ಟಿದ ಕೂಸು ಮೊದಲ ದಿನಗಳಲ್ಲಿ ತುಸು ಇಳಿದು, ಎರಡು ವಾರದೊಳಗೆ ತನ್ನ ತೂಕಕ್ಕೆ ತಾನೇ ಮರಳುವುದು ಸೃಷ್ಟಿಯ ನಿಯಮವೆಂದು ವೈದ್ಯರು ನಮಗೆ ತಿಳಿಸಿಯೇ ಕಳುಹಿಸಿದ್ದರು. ಆದರೂ ಮಗಳ ಕಣ್ಣಿನಲ್ಲಿ ನೀರು ತುಂಬಿತು. ಈ ವಾಕ್ಯ ನಿಂದೆಯಲ್ಲವೆಂಬುದು ನನಗೆ ಗೊತ್ತಾದುದು ಬಹಳ ತಡವಾಗಿ. ಎಳೆಗೂಸನ್ನು ಹೊಗಳಿದರೆ ದೃಷ್ಟಿ ತಾಗುವುದೆಂಬ ಭಯದಿಂದ, ಗುಂಡುಗುಂಡಾಗಿರುವ ಮಗುವನ್ನೂ ಸೊರಗಿದೆಯೆಂದೇ ಸಾರುವುದು ಆಕೆಯ ಭಾಷೆಯಲ್ಲಿ ಆಶೀರ್ವಾದ. ಅದನ್ನು ಹಸಿ ಬಾಣಂತಿಗೆ ಅರ್ಥಮಾಡಿಸಿ ಹೇಳುವವರು ಮಾತ್ರ ಆ ಹೊತ್ತಿನಲ್ಲಿ ಯಾರೂ ಇರುವುದಿಲ್ಲ.

ಹೆರಿಗೆಯ ಮೊದಲ ಮೂರು ದಿನ ತಾವು ಹಾಸನದಲ್ಲಿ ಇರಲಿಲ್ಲವೆಂಬ ವ್ಯಥೆ ದೊಡ್ಡಮ್ಮನನ್ನು ಬಹಳ ಕಾಲ ಕಾಡಿತು. ಇದ್ದಿದ್ದರೆ ಆ ಹಳದಿಯ ಮೊದಲ ಹಾಲನ್ನು ಹಿಂಡಿ ಚೆಲ್ಲಿಸುತ್ತಿದ್ದರಂತೆ. ಅದು ಕೂಸಿಗೆ ಅರಗುವುದಿಲ್ಲವಂತೆ. ಹುಟ್ಟಿದ ಒಂದು ಗಂಟೆಯೊಳಗೆ ಎದೆಗೆ ಹಾಕಬೇಕೆಂದೂ, ರೋಗವನ್ನು ತಡೆಯುವ ಶಕ್ತಿ ಆ ನಾಲ್ಕು ಹನಿಗಳಲ್ಲಿಯೇ ಅಡಗಿದೆಯೆಂದೂ ಜಗತ್ತಿನ ವೈದ್ಯರೆಲ್ಲ ಒಮ್ಮತದಿಂದ ಹೇಳುತ್ತಿರುವಾಗ ಈ ಮಾತನ್ನು ಕೇಳಿದ ನನ್ನಾಕೆ, ವಾದಕ್ಕಿಳಿಯದೆ, "ದೊಡ್ಡಮ್ಮ, ಮೊನ್ನೆ ನಿಮ್ಮ ಹಸು ಕರು ಹಾಕ್ತಲ್ಲ, ಗಿಣ್ಣು ಚೆಲ್ಲಿಬಿಟ್ರಾ?" ಎಂದು ಕೇಳಿದಳು. ಗಿಣ್ಣು! ಏಲಕ್ಕಿಯನ್ನು ಕುಟ್ಟಿ ಹಾಕಿ, ಬೆಲ್ಲವನ್ನು ಬೆರೆಸಿ, ಹಬೆಯಲ್ಲಿ ಬೇಯಿಸಿ, ಒಂದು ತುಣುಕನ್ನೂ ನೆರೆಮನೆಗೆ ಕಳುಹಿಸದೆ ಸವಿದಿದ್ದ ದೊಡ್ಡಮ್ಮ, ಕರುವಿನ ಪಾಲಿನ ಮೊದಲ ಹಾಲು ಅಮೃತವಾಗಿಯೂ ಮೊಮ್ಮಗುವಿನ ಪಾಲಿನದು ವಿಷವಾಗಿಯೂ ಏಕೆ ತೋರಿತೆಂಬುದಕ್ಕೆ ಉತ್ತರವಾಗಿ ಎಲೆಯಡಿಕೆಯ ಚೀಲವನ್ನು ಬಿಚ್ಚಿದರು. ಅದನ್ನು ಬಿಚ್ಚಿದರೆಂದರೆ ಚರ್ಚೆ ಮುಗಿಯಿತೆಂದು ಅರ್ಥ.

ಆಕೆಯ ಶಾಸ್ತ್ರವೆಲ್ಲ ಶೀತ ಮತ್ತು ಉಷ್ಣ ಎಂಬ ಎರಡು ತತ್ತ್ವಗಳ ಮೇಲೆ ನಿಂತಿದೆ. ಕೂಸು ಸೀನಿದರೆ ಶೀತ. ಸೀನದಿದ್ದರೆ ಒಳಗೆ ಕಟ್ಟಿಕೊಂಡಿರುವ ಶೀತ. ಅತ್ತರೆ ಉಷ್ಣ, ಹೆಚ್ಚು ಮಲಗಿದರೆ ತಾಯಿ ತಿಂದುದರ ಉಷ್ಣ. ಬಿಕ್ಕಳಿಸಿದರೆ ಸೆರಗಿನ ಎಳೆಯೊಂದನ್ನು ಕಿತ್ತು, ನೆನೆಸಿ, ಹಣೆಗೆ ಅಂಟಿಸುವುದು. ನಿದ್ದೆಯಲ್ಲಿ ನಕ್ಕರೆ ನರಿ ನಗಿಸುತ್ತಿದೆ ಎನ್ನುವುದು. ಬಾಣಂತಿ ನೀರನ್ನು ಕಡಿಮೆ ಕುಡಿಯಬೇಕು, ಬಾಳೆಹಣ್ಣು ಮುಟ್ಟಬಾರದು, ಮೆಣಸಿನ ಸಾರಲ್ಲದೆ ಬೇರೆ ಸಾರಿನ ಹೆಸರೆತ್ತಬಾರದು. ಆಯುರ್ವೇದದ ಎಂಟು ಅಂಗಗಳಲ್ಲಿ ಕೌಮಾರಭೃತ್ಯವೆಂಬುದೊಂದು ಇದೆ; ಶಿಶುಪಾಲನೆಯೇ ಅದರ ವಿಷಯ; ಅದರ ಮೂಲಗ್ರಂಥವಾದ ಕಾಶ್ಯಪ ಸಂಹಿತೆ ನಮ್ಮ ಕಾಲಕ್ಕೆ ದಕ್ಕಿರುವುದು ನೇಪಾಳದಲ್ಲಿ ದೊರೆತ ಒಂದು ತ್ರುಟಿತ ಹಸ್ತಪ್ರತಿಯ ಮೂಲಕ. ಕಳೆದುಹೋದ ಅಧ್ಯಾಯಗಳು ಎಲ್ಲಿ ಹೋದವೆಂದು ಪಂಡಿತರು ಚಿಂತಿಸುತ್ತಿರಬಹುದು. ಅವು ದೊಡ್ಡಮ್ಮನ ಬಳಿ ಇವೆಯೆಂಬುದು ನನ್ನ ಗುಮಾನಿ.

ಹೊಕ್ಕುಳಿಗೆ ಹರಳೆಣ್ಣೆಯಲ್ಲಿ ಕಲಸಿದ ಅರಿಶಿನ, ಕಿವಿಗೆ ಎರಡು ತೊಟ್ಟು ಎಣ್ಣೆ, ಕಣ್ಣಿಗೆ ಕಾಡಿಗೆ, ಮೂಗು ನೀಳವಾಗಲು ದಿನಕ್ಕಿಷ್ಟು ಬಾರಿ ಎಳೆತ, ಹೀಗೆ ಆಜ್ಞೆಗಳು ಒಂದೊಂದಾಗಿ ಹೊರಬೀಳುತ್ತಿದ್ದಂತೆ ನನ್ನಾಕೆ ಪ್ರತಿಯೊಂದಕ್ಕೂ "ಹೂಂ ದೊಡ್ಡಮ್ಮ" ಎನ್ನುತ್ತಿದ್ದಳು ಮತ್ತು ಒಂದನ್ನೂ ಮಾಡುತ್ತಿರಲಿಲ್ಲ. ಹೊಕ್ಕುಳಬಳ್ಳಿ ಏನನ್ನೂ ಹಚ್ಚಿಸಿಕೊಳ್ಳದೆ ತಾನಾಗಿಯೇ ಒಣಗಿ ಒಂಬತ್ತನೆಯ ದಿನ ಕಳಚಿಬಿತ್ತು. ಅದು ತಮ್ಮ ಅರಿಶಿನದ ಮಹಿಮೆಯೆಂದು ದೊಡ್ಡಮ್ಮ ನಂಬಿದರು. ಕಾಡಿಗೆ ಕಣ್ಣಿನಿಂದ ಸರಿದು ಅಂಗಾಲಿನ ಬೊಟ್ಟಾಯಿತು. ಮನೆಯಲ್ಲಿ ಶಾಂತಿ ನೆಲೆಸಿತು. ಮಗಳು ಹುಟ್ಟಿದ ಕಾಲದಲ್ಲಿ ತಂದ, ಡಾಕ್ಟರ್ ಅನುಪಮಾ ನಿರಂಜನರ 'ತಾಯಿ-ಮಗು' ಪುಸ್ತಕವನ್ನು ರಟ್ಟು ಕಿತ್ತುಹೋಗುವಷ್ಟು ಓದಿದ್ದ ನನ್ನಾಕೆಗೆ, ಆ ಪುಸ್ತಕದಲ್ಲಿಲ್ಲದ ಈ ಹೂಂಕಾರವಿದ್ಯೆಯನ್ನು ಕಲಿಸಿದವರು ಆಕೆಯ ಅತ್ತೆಯವರು, ಎಂದರೆ ನನ್ನ ತಾಯಿಯೇ, ಎಂಬುದನ್ನು ನಾನು ಮೂವತ್ತು ವರ್ಷ ತಡವಾಗಿ ಕಂಡುಕೊಂಡೆ.

ಆದರೆ ಅಳಿಯಂದಿರಿಗೆ ಈ ವಿದ್ಯೆ ತಿಳಿಯದು. ಬೆಂಗಳೂರಿನಲ್ಲಿ ಉದ್ಯೋಗ, ವಿನಯಶೀಲರು, ಎಲ್ಲವನ್ನೂ ಪ್ರಮಾಣಪೂರ್ವಕವಾಗಿ ನಡೆಸುವವರು. ಕೂಸು ಎಷ್ಟು ಹೊತ್ತಿಗೆ ಹಾಲು ಕುಡಿಯಿತು, ಎಷ್ಟು ನಿಮಿಷ ಕುಡಿಯಿತು, ಎಷ್ಟು ಬಟ್ಟೆ ಒದ್ದೆ ಮಾಡಿತು ಎಂಬುದೆಲ್ಲ ಅವರ ಮೊಬೈಲಿನಲ್ಲಿ ಬಣ್ಣಬಣ್ಣದ ಗೆರೆಗಳಾಗಿ ಏರಿಳಿಯುತ್ತಿದ್ದಿತು. ಕೂಸು ಅತ್ತಾಗ ಇತರರು ಕೂಸನ್ನು ನೋಡುತ್ತಿದ್ದರೆ ಇವರು ಗೆರೆಯನ್ನು ನೋಡುತ್ತಿದ್ದರು. ನಾಮಕರಣದ ಹಿಂದಿನ ದಿನ ದೊಡ್ಡಮ್ಮ ಬಜೆಯನ್ನು ಸುಟ್ಟು, ತೇಯ್ದು, ಜೇನುತುಪ್ಪದಲ್ಲಿ ಕಲಸಿ, ಬೆರಳನ್ನು ಕೂಸಿನ ಬಾಯಿಯ ಬಳಿಗೆ ಒಯ್ಯುತ್ತಿದ್ದಾಗ ಈ ಇಬ್ಬರು ಮಹನೀಯರ ಮುಖಾಮುಖಿಯಾಯಿತು.

"ಅಜ್ಜಿ, ದಯವಿಟ್ಟು ಬೇಡ. ವರ್ಷ ತುಂಬುವವರೆಗೆ ಜೇನು ಕೊಡಬಾರದು. ಬಾಟುಲಿಸಂ ಅಂತ ಕಾಯಿಲೆ ಬರುತ್ತೆ."

ದೊಡ್ಡಮ್ಮ ನಕ್ಕರು. "ಅದು ಬಾಟ್ಲೀಲಿ ಕುಡಿಸೋರ್ಗೆ ಬತ್ತದೆ ಅಳಿಮಯ್ಯ. ನಾನು ಬೆಳ್ಳಲ್ಲಿ ನೆಕ್ಕುಸ್ತೀನಿ."

ಅಳಿಯಂದಿರು ಪಾಪ, ಜೇನಿನಲ್ಲಿ ಸುಪ್ತವಾಗಿರಬಹುದಾದ ಕ್ಲಾಸ್ಟ್ರಿಡಿಯಂ ಎಂಬ ಸೂಕ್ಷ್ಮಜೀವಿಯ ಬೀಜಾಣುಗಳು ಬಲಿತ ಕರುಳಿನಲ್ಲಿ ಏನೂ ಮಾಡಲಾರವೆಂದೂ, ಎಳೆಯ ಕರುಳಿನಲ್ಲಿ ಮೊಳೆತು ನರಗಳನ್ನು ಕುಗ್ಗಿಸುವ ವಿಷವನ್ನು ಸ್ರವಿಸುವವೆಂದೂ ವಿಶದವಾಗಿ ನಿರೂಪಿಸಿದರು. ಮಾತು ಸಂಪೂರ್ಣ ಸತ್ಯವಾಗಿತ್ತು. ಸತ್ಯಕ್ಕೆ ಆ ಕೋಣೆಯಲ್ಲಿ ಆಸನವಿರಲಿಲ್ಲ, ಅಷ್ಟೆ. ಕೊನೆಗೆ ನನ್ನಾಕೆ ಕೂಸನ್ನು ಎತ್ತಿಕೊಂಡು, "ಹಾಲಿಗೆ ಹೊತ್ತಾಯ್ತು ದೊಡ್ಡಮ್ಮ, ಆಮೇಲೆ ನೆಕ್ಕಿಸೋಣ" ಎಂದು ಒಳಗೆ ಹೋದಳು. ಆ ಆಮೇಲೆ ಎಂಬುದು ಇನ್ನೂ ಬಂದಿಲ್ಲ. ಬಜೆಯ ಚೂರುಗಳನ್ನು ಪೋಣಿಸಿದ ಬಳೆಯೊಂದನ್ನು ಕೂಸಿನ ಕೈಗೆ ಕಟ್ಟಿಸಿ ಉಭಯ ಪಕ್ಷಗಳಿಗೂ ಮಾನ ಉಳಿಸಲಾಯಿತು. ಅದು ಕೂಸಿನ ಬಾಯಿಗೆ ಸೇರದಂತೆ ನೋಡಿಕೊಳ್ಳುವ ಹೊಣೆ ಅಳಿಯಂದಿರದಾಯಿತು. ಗೆರೆಗಳಿಗೆ ಇನ್ನೊಂದು ಬಣ್ಣ ಸೇರಿತು.

ದೊಡ್ಡಮ್ಮನನ್ನು ನೋಡಿ ನಗುವ ಮೊದಲು ಬಲ್ಲವರ ಚರಿತ್ರೆಯನ್ನೂ ಸ್ವಲ್ಪ ನೋಡಬೇಕು. ಹೊಟ್ಟೆನೋವಿಗೆಂದು ನಮ್ಮ ತಾಯಂದಿರು ಧಾರಾಳವಾಗಿ ಕುಡಿಸಿದ ಗ್ರೈಪ್ ವಾಟರ್ 1851ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನಲ್ಲಿ ಹುಟ್ಟಿದುದು. ಅದರಲ್ಲಿ ಸಬ್ಬಸಿಗೆಯ ಸಾರವೂ ಸೋಡಾವೂ ಇದ್ದುದರ ಜೊತೆಗೆ ಬಹುಕಾಲ ಮದ್ಯಸಾರವೂ ಇದ್ದಿತು. ಕೂಸುಗಳು ಸುಖವಾಗಿ ನಿದ್ರಿಸುತ್ತಿದ್ದುದರಲ್ಲಿ ಆಶ್ಚರ್ಯವೇನು! 1946ರಲ್ಲಿ ಶಿಶುಪಾಲನೆಯ ಪುಸ್ತಕವನ್ನು ಪ್ರಕಟಿಸಿ ಲೋಕವಿಖ್ಯಾತರಾದ ಅಮೆರಿಕದ ಡಾಕ್ಟರ್ ಬೆಂಜಮಿನ್ ಸ್ಪಾಕ್, ಆ ಪುಸ್ತಕದ ಮುಂದಿನ ಆವೃತ್ತಿಯೊಂದರಲ್ಲಿ, ಅಂಗಾತ ಮಲಗಿದ ಕೂಸು ಕಕ್ಕಿದರೆ ಉಸಿರುಗಟ್ಟೀತೆಂಬ ಕಾಳಜಿಯಿಂದ, ಬೋರಲು ಮಲಗಿಸಿರೆಂದು ಬೋಧಿಸಿದರು. ಲಕ್ಷಾಂತರ ತಾಯಂದಿರು ಹಾಗೆಯೇ ಮಾಡಿದರು. ಬೋರಲು ಮಲಗಿದ ಕೂಸುಗಳೇ ನಿದ್ದೆಯಲ್ಲಿ ಹಠಾತ್ತನೆ ಸಾಯುವುದು ಹೆಚ್ಚೆಂದು ತಿಳಿಯುವುದಕ್ಕೆ ದಶಕಗಳು ಹಿಡಿದವು. 1994ರಲ್ಲಿ ಆ ದೇಶವೇ ಅಂಗಾತ ಮಲಗಿಸಿರೆಂಬ ಆಂದೋಲನವನ್ನು ಹೂಡಬೇಕಾಯಿತು. ನಮ್ಮ ದೊಡ್ಡಮ್ಮ ಮೊದಲಿನಿಂದಲೂ ಅಂಗಾತವೇ ಮಲಗಿಸಿದವರು. ಬೋರಲು ಮಲಗಿಸಿದರೆ ಮೂಗು ಚಪ್ಪಟೆಯಾಗುತ್ತದೆಂಬುದು ಅವರ ಕಾರಣ. ಕಾರಣ ತಪ್ಪು, ಕಾರ್ಯ ಸರಿ; ಡಾಕ್ಟರಿಗೆ ಎರಡೂ ತಪ್ಪಿದ್ದವು.

ಇಷ್ಟೆಲ್ಲ ಬರೆದ ಮೇಲೆ ಒಂದು ರಾತ್ರಿಯ ವಿಷಯವನ್ನು ಹೇಳದಿದ್ದರೆ ಲೇಖನಿಗೆ ದ್ರೋಹವಾದೀತು. ಆಶ್ಲೇಷ ಮಳೆ, ಕರೆಂಟು ಹೋಗಿ ಎರಡು ದಿನ, ಅಗ್ಗಿಷ್ಟಿಕೆಯ ಸುತ್ತಲೂ ಹಗ್ಗ ಕಟ್ಟಿ ಹರವಿದ ಲಂಗೋಟಿಗಳು ಹೊಗೆಯ ವಾಸನೆಯನ್ನು ಹೀರಿಕೊಂಡುವೇ ಹೊರತು ಒಣಗಲಿಲ್ಲ. ಅಳಿಯಂದಿರ ಮೊಬೈಲು ಆರಿಹೋಗಿ ಗೆರೆಗಳು ಕಣ್ಮರೆಯಾಗಿದ್ದವು. ಕೂಸು ಸಂಜೆ ಏಳಕ್ಕೆ ಹಿಡಿದ ರಾಗವನ್ನು ಹನ್ನೊಂದಾದರೂ ಬಿಡಲೊಲ್ಲದು. ಮಗಳು ಎರಡು ರಾತ್ರಿ ಕಣ್ಣು ಮುಚ್ಚಿರಲಿಲ್ಲ. ಕೂಸಿನೊಡನೆ ಅವಳೂ ಅಳುತ್ತಿದ್ದಳು. ಆ ಮಳೆಯಲ್ಲಿ ಟಾರ್ಚು ಹಿಡಿದು, ಗೋಣಿಕೊಪ್ಪೆ ಹಾಕಿಕೊಂಡು ದೊಡ್ಡಮ್ಮ ಬಂದರು. ಯಾರೂ ಹೇಳಿಕಳುಹಿಸಿರಲಿಲ್ಲ, ಅಳು ಅವರ ಮನೆಯವರೆಗೆ ಕೇಳಿಸಿತಂತೆ. ಒಲೆಯ ಮುಂದೆ ಕೈಯನ್ನು ಕಾಸಿಕೊಂಡು, ಕೂಸಿನ ಬಟ್ಟೆಯನ್ನು ಬಿಚ್ಚಿ, ಬರಿಯ ಮೈಯನ್ನು ತಮ್ಮ ಎದೆಗೆ ನೆಟ್ಟಗೆ ಆನಿಸಿಕೊಂಡು, ಮೇಲೆ ಕಂಬಳಿ ಹೊದ್ದು, ಮಗಳ ಕಡೆ ತಿರುಗಿ, "ನೀ ಮಲೀಕೊ ಮಗ" ಎಂದರು. ಅಷ್ಟೇ. ಸದಾ ನೂರು ಮಾತನಾಡುವ ಆ ಬಾಯಿ ಬೆಳಗಿನವರೆಗೆ ಮತ್ತೆ ತೆರೆಯಲಿಲ್ಲ. ನಾನು ನಾಲ್ಕು ಗಂಟೆಗೆ ಎದ್ದು ನೋಡಿದಾಗ ಗೋಡೆಗೊರಗಿ ಕುಳಿತೇ ಇದ್ದರು, ಕಣ್ಣು ತೆರೆದೇ ಇದ್ದಿತು, ಕೂಸು ನಿದ್ರಿಸುತ್ತಿತ್ತು. 1978ರಲ್ಲಿ ಕೊಲಂಬಿಯಾ ದೇಶದ ಬೊಗೋಟಾ ನಗರದ ಆಸ್ಪತ್ರೆಯೊಂದರಲ್ಲಿ, ದಿನ ತುಂಬದೆ ಹುಟ್ಟಿದ ಕೂಸುಗಳನ್ನು ಇಡಲು ಕಾವುಪೆಟ್ಟಿಗೆಗಳು ಸಾಲದೆ ಹೋದಾಗ, ಅಲ್ಲಿಯ ವೈದ್ಯರು ಅವುಗಳನ್ನು ಕಾಂಗರೂವಿನಂತೆ ತಾಯಿಯ ಬರಿಯ ಎದೆಗೇ ಕಟ್ಟಿ ಬದುಕಿಸಿದರೆಂದೂ, ಇಂದು ಜಗತ್ತೆಲ್ಲ ಆ ಕ್ರಮವನ್ನು ಅನುಸರಿಸುತ್ತಿದೆಯೆಂದೂ ಮರುದಿನ ಕರೆಂಟು ಬಂದ ಮೇಲೆ ಅಳಿಯಂದಿರೇ ಓದಿ ಹೇಳಿದರು. ದೊಡ್ಡಮ್ಮ, "ಕಾಂಗ್ರೆಸ್ಸಿನೋರು ಇದ್ನೂ ಮಾಡಿದ್ರಾ?" ಎಂದು ಕೇಳಿದರು.

ಅಂದಿನಿಂದ ಅವರಿಬ್ಬರಲ್ಲಿ ಒಂದು ಬಗೆಯ ಒಪ್ಪಂದವಾಯಿತು. ಆಶಾ ಕಾರ್ಯಕರ್ತೆ ಸರ್ಕಾರದ ಲೆಕ್ಕದಂತೆ 3, 7, 14, 21, 28, 42ನೆಯ ದಿನಗಳಂದು ಬಂದು ಕೂಸನ್ನು ತೂಗಿ ನೋಡಬೇಕಷ್ಟೆ. ದೊಡ್ಡಮ್ಮನ ಭೇಟಿಗಳಿಗೆ ಅಂತಹ ಮಿತಿಯಿಲ್ಲದ ಕಾರಣ ಆ ಹೆಣ್ಣುಮಗಳು ಬಂದಾಗಲೆಲ್ಲ ಇವರೇ ಎದುರುಗೊಂಡು, ತಾಯಿ ಕಾರ್ಡನ್ನು ತೆರೆದು ತಲೆಕೆಳಗಾಗಿ ಹಿಡಿದು ತೋರಿಸುತ್ತಿದ್ದರು. ಆರು ವಾರ ತುಂಬಿದಾಗ ಲಸಿಕೆಗೆ ಕೂಸನ್ನು ಎತ್ತಿಕೊಂಡು ಮುಂದೆ ನಡೆದವರೂ ಅವರೇ. "ಚುಚ್ಚಿಸ್ಬ್ಯಾಡಿ, ಜ್ವರ ಬತ್ತದೆ" ಎಂದು ದಾರಿಯುದ್ದಕ್ಕೂ ಹೇಳುತ್ತ ನಡೆದರು, ಆದರೆ ಒಂದು ಹೆಜ್ಜೆಯೂ ಹಿಂದೆ ಸರಿಯಲಿಲ್ಲ. ಸೂಜಿ ತಾಗಿದಾಗ ಅತ್ತವರು ಇಬ್ಬರು. ಕೂಸು ಮೊದಲು ಸುಮ್ಮನಾಯಿತು. ರಾತ್ರಿ ನರ್ಸಮ್ಮ ಮುನ್ಸೂಚನೆ ಕೊಟ್ಟಿದ್ದಂತೆಯೇ ಮೈ ತುಸು ಬಿಸಿಯಾಯಿತು, ಮರುದಿನ ಇಳಿಯಿತು, ಎರಡನ್ನೂ ತಾವು ಮೊದಲೇ ಹೇಳಿದ್ದುದಾಗಿ ದೊಡ್ಡಮ್ಮ ಊರಿಗೆಲ್ಲ ತಿಳಿಸಿದರು.

ಮಗಳು ಐದನೆಯ ತಿಂಗಳಿಗೆ ಬೆಂಗಳೂರಿಗೆ ಹೊರಟಳು. ಅದಾಗಿ ಹದಿನೈದು ದಿನಕ್ಕೆ ನಮ್ಮ ಬೀದಿಯ ತುದಿಯ ಮನೆಯಲ್ಲಿ ಹೆಣ್ಣುಕೂಸೊಂದು ಹುಟ್ಟಿತು. ನಾನು ನೋಡಲು ಹೋದಾಗ ಒಳಗಿನಿಂದ ಪರಿಚಿತವಾದ ಕಂಠ ಕೇಳಿಸುತ್ತಿತ್ತು: "ಆರು ತಿಂಗ್ಳು ಎದೆಹಾಲು ಬಿಟ್ರೆ ಒಂದು ತೊಟ್ಟು ನೀರೂ ಕೊಡ್ಬ್ಯಾಡಿ. ಜೇನಂತೂ ವರ್ಷ ತುಂಬೋಗಂಟ ಮುಟ್ಟುಸ್ಬ್ಯಾಡಿ, ಬಾಟ್ಲಿ ಕಾಯ್ಲೆ ಬತ್ತದೆ. ನಮ್ಮತ್ತೆ ಕಾಲದಿಂದ್ಲೂ ನಾವು ಹಿಂಗೇ ಮಾಡ್ಕಬಂದಿರೋದು."

ಜಗಲಿಯ ಕೆಳಗೆ ಸವೆದ ಚಪ್ಪಲಿಯ ಪಕ್ಕದಲ್ಲಿ ನಮ್ಮ ಮನೆಯ ಕೊಡೆ ಇದ್ದಿತು.