ಮಾಸಚಾಲೆಂಜ್ ಮೀಮಾಂಸೆ

ಶಾಸ್ತ್ರಗ್ರಂಥ ಆರಂಭಿಸುವವರು ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ಅನುಬಂಧ ಚತುಷ್ಟಯವನ್ನು ಮೊದಲೇ ಹೇಳಿಬಿಡಬೇಕೆಂಬುದು ಹಿರಿಯರ ಕಟ್ಟಪ್ಪಣೆ. ಓದುಗ ಅರ್ಧಕ್ಕೇ ಎದ್ದು ‘ಇದೆಲ್ಲ ನನಗ್ಯಾಕೆ’ ಎನ್ನಬಾರದಲ್ಲ, ಅದಕ್ಕೆ. ಪ್ರಕೃತ ಗ್ರಂಥದ ವಿಷಯ, ಒಂದು ತಿಂಗಳ ಮಟ್ಟಿಗೆ ಶಿಸ್ತಿನ ಮನುಷ್ಯನಾಗುವುದು. ಪ್ರಯೋಜನ, ಆಮೇಲೆ ಆ ಶಿಸ್ತು ತಾನಾಗಿಯೇ ಅಭ್ಯಾಸವಾಗಿ ಉಳಿದುಬಿಡುತ್ತದೆಂಬ ಭರವಸೆ. ಇವೆರಡಕ್ಕೂ ಸಂಬಂಧ ಇದೆಯೋ ಇಲ್ಲವೋ ಎಂಬುದೇ ಮುಂದಿನ ಚರ್ಚೆ.

ಇನ್ನು ಅಧಿಕಾರಿ. ವೇದಾಂತ ಕೇಳಲು ವಿವೇಕ, ವೈರಾಗ್ಯ ಮುಂತಾದ ಸಂಪತ್ತಿರಬೇಕು. ಚಾಲೆಂಜಿಗೆ ಅಷ್ಟೆಲ್ಲ ಬೇಡ. ಲ್ಯಾಬಿನ ರಿಪೋರ್ಟಿನಲ್ಲಿ ಎಚ್‌ಬಿಎ1ಸಿ 5.7ರಿಂದ 6.4ರ ನಡುವೆ ಬಂದಿದ್ದರೆ ಸಾಕು. ಅದಕ್ಕಿಂತ ಕಡಿಮೆ ಬಂದವನಿಗೆ ಜಿಜ್ಞಾಸೆಯೇ ಹುಟ್ಟುವುದಿಲ್ಲ, ಅವನು ಎರಡನೇ ಹೋಳಿಗೆಗೆ ತುಪ್ಪ ಬಡಿಸಿಕೊಳ್ಳುತ್ತಿರುತ್ತಾನೆ. ಹೆಚ್ಚು ಬಂದವನಿಗೆ ಡಾಕ್ಟರು ಮಾತ್ರೆ ಬರೆದುಕೊಟ್ಟಿರುತ್ತಾರೆ, ಅವನೂ ನಿಶ್ಚಿಂತ. ರೋಗಿಯೂ ಅಲ್ಲದ ನಿರೋಗಿಯೂ ಅಲ್ಲದ ನಡುವಿನ ತ್ರಿಶಂಕುವೇ ಈ ಶಾಸ್ತ್ರದ ಮುಮುಕ್ಷು. ನಮ್ಮ ಮೇಲಿನ ಮಹಡಿಯ ರಾಯರು ಇಂಥ ಮುಮುಕ್ಷುಗಳಲ್ಲಿ ಶ್ರೇಷ್ಠರಾದ್ದರಿಂದ ಈ ಗ್ರಂಥದುದ್ದಕ್ಕೂ ದೃಷ್ಟಾಂತವಾಗಿ ಬರುತ್ತಾರೆ. ಅವರ ಒಪ್ಪಿಗೆ ಕೇಳಿಲ್ಲ. ದೃಷ್ಟಾಂತಗಳ ಒಪ್ಪಿಗೆ ಕೇಳುವ ಪದ್ಧತಿ ಶಾಸ್ತ್ರದಲ್ಲಿಲ್ಲ.

ಕಾಲನಿರ್ಣಯ

ತಿಂಗಳು ಎಂದರೆ ಯಾವ ತಿಂಗಳು? ಚಾಂದ್ರಮಾನದ ತಿಂಗಳಿಗೆ ಸುಮಾರು ಇಪ್ಪತ್ತೊಂಬತ್ತೂವರೆ ದಿನ. ತುಳುನಾಡಿನವರು ಹಿಡಿಯುವ ಸೌರಮಾನದ್ದು ಮೂವತ್ತೆರಡರವರೆಗೂ ಎಳೆಯಬಹುದು. ಇಂಗ್ಲಿಷ್ ತಿಂಗಳಿಗೆ ಇಪ್ಪತ್ತೆಂಟರಿಂದ ಮೂವತ್ತೊಂದು. ವಿವೇಕಿಗಳು ಫೆಬ್ರವರಿಯನ್ನು ಆರಿಸಿಕೊಂಡು ಎರಡು ದಿನದ ತಪಸ್ಸನ್ನು ಉಳಿಸುತ್ತಾರೆ.

ಕಷ್ಟವಿರುವುದು ಆರಂಭದ ದಿನ ಹುಡುಕುವುದರಲ್ಲಿ. ಸಕ್ಕರೆ ಬಿಡುವ ಚಾಲೆಂಜನ್ನೇ ತೆಗೆದುಕೊಳ್ಳಿ. ಜನವರಿ ಒಂದರಂದು ಬಿಟ್ಟರೆ ಎರಡು ವಾರದಲ್ಲಿ ಸಂಕ್ರಾಂತಿ. ರೇಷ್ಮೆ ಲಂಗ ಉಟ್ಟ ಪಕ್ಕದ ಮನೆಯ ಮಗು ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಾಗ ‘ಸಕ್ಕರೆ ಅಚ್ಚು ಬೇಡ ಪುಟ್ಟಾ, ನನ್ನದು ಹದಿನಾಲ್ಕನೇ ದಿನ’ ಎನ್ನುವಷ್ಟು ಕಲ್ಲುಮನಸ್ಸು ಯಾರಿಗಿದೆ? ಯುಗಾದಿಯಿಂದ ಬಿಡೋಣವೆಂದರೆ ಅವತ್ತೇ ಒಬ್ಬಟ್ಟು. ಆಷಾಢದಲ್ಲಿ ಹೊಸ ಕೆಲಸ ಹಿಡಿಯಬಾರದು. ಶ್ರಾವಣ ಹೊಕ್ಕರೆ ವರಮಹಾಲಕ್ಷ್ಮಿಯಿಂದ ದೀಪಾವಳಿವರೆಗೆ ಬಾಣಲೆ ಒಲೆಯಿಂದ ಇಳಿಯುವುದಿಲ್ಲ. ಆಮೇಲೆ ಮದುವೆ ಕಾಲ, ಅದು ಮುಗಿಯುವಷ್ಟರಲ್ಲಿ ಧನುರ್ಮಾಸ; ಅದು ಶೂನ್ಯಮಾಸ, ಶುಭಾರಂಭಕ್ಕೆ ಆಗದು. ಹೀಗೆ ಪಂಚಾಂಗವೆಲ್ಲ ತಿರುವಿ ಹಾಕಿದ ಮೇಲೆ ಉಳಿಯುವ ಏಕೈಕ ಮುಹೂರ್ತ ‘ಮುಂದಿನ ಸೋಮವಾರ’. ಸೋಮವಾರ ಏಳೂವರೆಯಿಂದ ಒಂಬತ್ತರವರೆಗೆ ರಾಹುಕಾಲ. ರಾಯರಿಗೆ ಎಚ್ಚರವಾಗುವುದು ಏಳೂವರೆಗೆ. ಒಂಬತ್ತಾದ ಮೇಲೆ ಬಿಸಿಲು. ಆದ್ದರಿಂದ ಅದರ ಮುಂದಿನ ಸೋಮವಾರ.

ಸಂಖ್ಯಾನಿರ್ಣಯ

ಅಭ್ಯಾಸವೊಂದು ಮೈಗೂಡಲು ಎಷ್ಟು ದಿನ ಬೇಕು? ಈ ವಿಷಯದಲ್ಲಿ ಆಚಾರ್ಯರಲ್ಲಿ ಒಮ್ಮತವಿಲ್ಲ.

ಪ್ರಾಚೀನ ಪಕ್ಷ ಇಪ್ಪತ್ತೊಂದು ದಿನದ್ದು. ಇದರ ಮೂಲಪುರುಷ ಅಮೆರಿಕದ ಪ್ಲಾಸ್ಟಿಕ್ ಸರ್ಜನ್ ಮ್ಯಾಕ್ಸ್‌ವೆಲ್ ಮಾಲ್ಟ್ಜ್. 1960ರ ತಮ್ಮ ಪುಸ್ತಕದಲ್ಲಿ ಆತ ಹೇಳಿದ್ದಿಷ್ಟೆ: ಮುಖಕ್ಕೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಿಗೆ ಕನ್ನಡಿಯಲ್ಲಿ ಕಾಣುವ ಹೊಸ ಮುಖ ತಮ್ಮದೇ ಎನಿಸಲು ಕನಿಷ್ಠ ಸುಮಾರು ಇಪ್ಪತ್ತೊಂದು ದಿನ ಹಿಡಿಯುತ್ತದೆ. ಕೈಯಿಂದ ಕೈಗೆ ದಾಟುವಾಗ ‘ಕನಿಷ್ಠ’ ಒಂದು ಊರಲ್ಲಿ ಇಳಿಯಿತು, ‘ಸುಮಾರು’ ಇನ್ನೊಂದರಲ್ಲಿ. ಕೊನೆಗೆ ಮುಖವೂ ಇಳಿದು ಹೋಗಿ, ಇಪ್ಪತ್ತೊಂದು ಎಂಬ ಅಂಕೆಯೊಂದೇ ನಮ್ಮ ವಾಟ್ಸ್‌ಆ್ಯಪ್‌ವರೆಗೆ ಬಂದು ಮುಟ್ಟಿತು. ಮೂಗು ರಿಪೇರಿಯ ಲೆಕ್ಕದಲ್ಲಿ ನಾವೀಗ ರಾಗಿ ಅಂಬಲಿ ಕುಡಿಯುತ್ತಿದ್ದೇವೆ.

ನವ್ಯ ಪಕ್ಷ ಯೂನಿವರ್ಸಿಟಿ ಕಾಲೇಜ್ ಲಂಡನ್ನಿನ ಫಿಲಿಪಾ ಲಾಲಿ ಮತ್ತು ಸಂಗಡಿಗರದು, 2010ರಲ್ಲಿ ಅಚ್ಚಾದದ್ದು. 96 ಮಂದಿಯನ್ನು ಹನ್ನೆರಡು ವಾರ ಗಮನಿಸಿದರು. ಒಬ್ಬೊಬ್ಬರೂ ತಿಂಡಿಯಾದ ಮೇಲೆ ನಡೆಯುವುದೋ ನೀರು ಕುಡಿಯುವುದೋ ಹೀಗೆ ಒಂದೊಂದು ಸಣ್ಣ ಕೆಲಸ ಹಿಡಿದಿದ್ದರು. ಅದು ಯೋಚನೆಯಿಲ್ಲದೆ ನಡೆಯುವ ಮಟ್ಟಕ್ಕೆ ಬರಲು ನಡುಮಟ್ಟದ ಲೆಕ್ಕ 66 ದಿನ. ಬೇಗ ಕಲಿತವರದು 18, ತಡವಾದವರದು 254. ಚುರುಕು ಓದುಗ ಇಲ್ಲಿ ಕೈ ಎತ್ತುತ್ತಾನೆ: ಎಂಬತ್ತನಾಲ್ಕು ದಿನದ ಪ್ರಯೋಗದಲ್ಲಿ 254ನೇ ದಿನ ಎಲ್ಲಿಂದ ಬಂತು? ಗ್ರಾಫಿನ ಗೆರೆಯನ್ನು ಅದು ಹೊರಟ ದಿಕ್ಕಿಗೇ ಮುಂದಕ್ಕೆಳೆದು ಅಂದಾಜು ಮಾಡಿದರು. ಇದು ಅನುಮಾನ ಪ್ರಮಾಣ. ತಾರ್ಕಿಕರು ಒಪ್ಪುತ್ತಾರೆ, ರಾಯರು ಒಪ್ಪುವುದಿಲ್ಲ. ನೀರು ಕುಡಿಯುವ ಅಭ್ಯಾಸ ಬೇಗ ಹತ್ತಿತು, ಬಸ್ಕಿಯಂಥ ಕಸರತ್ತು ನಿಧಾನಿಸಿತು ಎಂಬ ಇನ್ನೊಂದು ಫಲಿತಾಂಶವೂ ಅಲ್ಲಿದೆ. ಇದಕ್ಕೆ ಲಂಡನ್ ಬೇಕಿರಲಿಲ್ಲ ಎನ್ನುವವರಿದ್ದಾರೆ.

ನಮ್ಮ ಕಡೆ ಮಂಡಲದ ಲೆಕ್ಕ ಬೇರೆ. ಕೆಲವರಿಗೆ ನಲವತ್ತೊಂದು, ಕೆಲವರಿಗೆ ನಲವತ್ತೆಂಟು. ಇಷ್ಟೆಲ್ಲ ಅಂಕೆಗಳಲ್ಲಿ ಮೂವತ್ತು ಎಲ್ಲೂ ಇಲ್ಲವಲ್ಲ ಎಂದು ಪ್ರಶ್ನಿಸಿದರೆ ಸಮಾಧಾನ ಹೀಗೆ: ಅಡುಗೆಮನೆಯ ಗೋಡೆಯ ಕ್ಯಾಲೆಂಡರಿನ ಒಂದು ಹಾಳೆಗೆ ಹಿಡಿಸುವುದು ಅಷ್ಟೇ ದಿನ.

ಸಾಕ್ಷ್ಯಪ್ರಕರಣ

ಆ ಹಾಳೆಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಪ್ರತಿ ತಾರೀಖಿನ ಚೌಕದಲ್ಲೂ ತಿಥಿ, ನಕ್ಷತ್ರ, ರಾಹುಕಾಲ ಸಣ್ಣಕ್ಷರದಲ್ಲಿ ಕಿಕ್ಕಿರಿದಿರುತ್ತವೆ. ಉಳಿದ ಜಾಗದಲ್ಲಿ ಪೆನ್ಸಿಲಿನಲ್ಲಿ ಮನೆಯ ಇತಿಹಾಸ: ಸಿಲಿಂಡರ್ ಹಚ್ಚಿದ ದಿನಕ್ಕೊಂದು ‘ಗ್ಯಾ’, ಕೆಲಸದವಳು ಬಾರದ ದಿನಕ್ಕೊಂದು ಸೊನ್ನೆ, ಹಾಲು ಹೆಚ್ಚಿಗೆ ತೆಗೆದುಕೊಂಡ ದಿನಕ್ಕೊಂದು ಗೀಟು. ಇದೇ ಹಾಳೆಯ ಮೇಲೆ ರಾಯರು ತಮ್ಮ ವಾಕಿಂಗಿನ ಗೀಟು ಎಳೆಯತೊಡಗಿದರು. ತಿಂಗಳ ಕೊನೆಗೆ ಹಾಲಿನ ಹುಡುಗನ ಚೀಟಿ ಬಂತು, ಲೆಕ್ಕ ತಾಳೆಯಾಗಲಿಲ್ಲ.

“ಏನಪ್ಪಾ, ನಮ್ಮ ಲೆಕ್ಕದಲ್ಲಿ ಹದಿನೇಳು ಲೀಟರು ಜಾಸ್ತಿ ಇದೆ, ನೀನು ಕಮ್ಮಿ ಬರ್ಕೊಂಡಿದೀಯಲ್ಲ!” ಎಂದು ರಾಯರ ಮನೆಯವರು ಪ್ರಾಮಾಣಿಕವಾಗಿ ಕೇಳಿದರು. ಹುಡುಗ ತಲೆ ಕೆರೆದುಕೊಂಡು ದುಡ್ಡು ತೆಗೆದುಕೊಂಡ. ಸಂಜೆ ರಾಯರು ಗೀಟು ಎಣಿಸಿ, “ಇದೇನೇ, ನನ್ನ ವಾಕಿಂಗಿಗೆ ದುಡ್ಡು ಕೊಟ್ಟುಬಿಟ್ಟೆಯಾ?” ಎಂದರು. “ನೀವು ನಡೆದಿದ್ದೀರಿ ಅಂತ ನನಗೆ ಹ್ಯಾಗೆ ಗೊತ್ತಾಗಬೇಕೂರೀ?” ಎಂದರು ಆಕೆ.

ಗುರುತು ಹಾಕುವ ವಿದ್ಯೆಯ ಆದ್ಯ ಪ್ರವರ್ತಕ ಬೆಂಜಮಿನ್ ಫ್ರಾಂಕ್ಲಿನ್ ಎನ್ನಲು ಅಡ್ಡಿಯಿಲ್ಲ. ಹದಿಮೂರು ಸದ್ಗುಣಗಳ ಪಟ್ಟಿ ಮಾಡಿ, ವಾರಕ್ಕೊಂದರಂತೆ ಸಾಧಿಸುತ್ತ, ವರ್ಷಕ್ಕೆ ನಾಲ್ಕು ಸುತ್ತು ಹಾಕುವ ಯೋಜನೆ ಆತನದು. ಪುಟ್ಟ ಪುಸ್ತಕದಲ್ಲಿ ತಪ್ಪಿದಾಗಲೆಲ್ಲ ಕಪ್ಪು ಚುಕ್ಕೆ ಇಡುತ್ತಿದ್ದ. ಹೊಸ ಸುತ್ತಿಗೆ ಹಳೆಯ ಚುಕ್ಕೆ ಕೆರೆದು ಕೆರೆದು ಕಾಗದ ತೂತುಬಿದ್ದು, ಕಡೆಗೆ ಒರೆಸಿ ಬರೆಯಲು ಬರುವ ದಂತದ ಹಾಳೆಗಳಿಗೆ ಬದಲಾಯಿಸಿಕೊಂಡನಂತೆ. ಆತ ತಪ್ಪಿಗೆ ಗುರುತು ಹಾಕಿದ. ನಾವು ಮಾಡಿದ್ದಕ್ಕೆ ಹಾಕುತ್ತೇವೆ. ಹೀಗಾಗಿ ನಮ್ಮ ಕಾಗದ ತೂತು ಬೀಳುವುದಿಲ್ಲ.

ಹೆಜ್ಜೆಯ ವಿಚಾರವೂ ಇಲ್ಲೇ ಬರಬೇಕು. ದಿನಕ್ಕೆ ಹತ್ತು ಸಾವಿರ ಹೆಜ್ಜೆ ಎಂಬ ವಿಧಿಯ ಋಷಿ ಜಪಾನಿನ ಒಂದು ಗಡಿಯಾರ ಕಂಪನಿ. ಟೋಕಿಯೊ ಒಲಿಂಪಿಕ್ಸ್ ಮುಗಿದ ಮರುವರ್ಷ, 1965ರಲ್ಲಿ, ಸೊಂಟಕ್ಕೆ ಸಿಕ್ಕಿಸುವ ಹೆಜ್ಜೆ ಎಣಿಸುವ ಯಂತ್ರವನ್ನು ಮಾರಾಟಕ್ಕೆ ತಂದು, ಅದರ ಹೆಸರಿನಲ್ಲೇ ಹತ್ತು ಸಾವಿರವನ್ನು ಸೇರಿಸಿತು. ರಾಯರು ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಅರ್ಧ ಸುತ್ತು ಬಂದು, ದಾರಿಯಲ್ಲಿ ಸೆಟ್ ದೋಸೆ ಮುಗಿಸಿ, ಉಳಿದ ಹೆಜ್ಜೆಗಳನ್ನು ರಾತ್ರಿ ಊಟದ ಮೇಜಿನ ಸುತ್ತ ಸಲ್ಲಿಸುತ್ತಾರೆ. ಕಾಲು ನೋವೆಂದ ದಿನ ಹೆಜ್ಜೆ ಎಣಿಸುವ ವಾಚನ್ನು ಮೊಮ್ಮಗನ ಕೈಗೆ ಕಟ್ಟಿದ್ದರು. ಪ್ರತಿನಿಧಿಯ ಮೂಲಕ ಕರ್ಮ ಮಾಡಿಸಬಹುದೆಂದು ಧರ್ಮಶಾಸ್ತ್ರದಲ್ಲೇ ಇದೆ ಎಂಬುದು ಅವರ ವಾದ. ಮೊಮ್ಮಗನ ಸಕ್ಕರೆ ಅಂಶ ಹತೋಟಿಯಲ್ಲಿದೆ.

ಪೂರ್ವಪಕ್ಷ, ಸಿದ್ಧಾಂತ

ಮೂವತ್ತು ದಿನ ಮಾಡಿದ್ದು ಮೂವತ್ತೊಂದನೇ ದಿನ ತಾನಾಗಿ ನಡೆಯುತ್ತದೆ. ಇದು ಪೂರ್ವಪಕ್ಷ.

ಇದನ್ನು ಖಂಡಿಸಲು ದೂರ ಹೋಗಬೇಕಿಲ್ಲ, ಧನುರ್ಮಾಸವೊಂದೇ ಸಾಕು. ಡಿಸೆಂಬರ್ ಮಧ್ಯದಿಂದ ಸಂಕ್ರಾಂತಿವರೆಗೆ, ಮೈಸೂರು ಸೀಮೆಯಲ್ಲಿ ಹಲ್ಲು ಕಟಕಟಿಸುವ ಚಳಿಯಲ್ಲಿ, ಸೂರ್ಯ ಹುಟ್ಟುವ ಮುಂಚೆ ಎದ್ದು ಮಿಂದು ಪೂಜೆಗೆ ಕೂರುವ ಮಂದಿ ಇವತ್ತಿಗೂ ಇದ್ದಾರೆ. ಬೇಗ ಏಳುವ ಮಾಸಚಾಲೆಂಜ್‌ಗಳಲ್ಲಿ ಇದಕ್ಕಿಂತ ಕಟ್ಟುನಿಟ್ಟಾದದ್ದು ನನಗೆ ಗೊತ್ತಿಲ್ಲ. ಬಹುಮಾನವೂ ಸ್ಥಳದಲ್ಲೇ, ಮೆಣಸು ಗೋಡಂಬಿ ಹಾಕಿದ ಬಿಸಿ ಹುಗ್ಗಿ. ತಲೆಮಾರುಗಳಿಂದ ಇಷ್ಟು ಅಭ್ಯಾಸ ಮಾಡಿದ ಮನೆತನಗಳು ಸಂಕ್ರಾಂತಿಯ ಮರುದಿನ ಎಷ್ಟು ಹೊತ್ತಿಗೆ ಏಳುತ್ತವೆ? ಹೊದ್ದಿಕೆಯನ್ನೇ ಕೇಳಬೇಕು. ಹಾಗಂತ ‘ಈ ಸಲವೂ ಫೇಲಾದೆವು’ ಎಂದು ಯಾರೂ ಕೊರಗಿದ್ದಿಲ್ಲ.

ಮಾಧ್ವರ ಚಾತುರ್ಮಾಸ್ಯ ಇನ್ನೂ ಒಂದು ಹೆಜ್ಜೆ ಮುಂದೆ: ಬೆನ್ನಿಗೆ ಬೆನ್ನು ಹಚ್ಚಿದ ನಾಲ್ಕು ಮಾಸಚಾಲೆಂಜ್‌ಗಳು. ಮೊದಲ ತಿಂಗಳು ಶಾಕವ್ರತ, ತರಕಾರಿ ಸೊಪ್ಪು ಇಲ್ಲ. ಎರಡನೆಯದು ದಧಿವ್ರತ, ಮೊಸರಿಲ್ಲ. ಮೂರನೆಯದು ಕ್ಷೀರವ್ರತ, ಹಾಲಿಲ್ಲ. ನಾಲ್ಕನೆಯದು ದ್ವಿದಳ, ಬೇಳೆಕಾಳು ಇಲ್ಲ. ಇದರ ಯುಕ್ತಿಯನ್ನು ಗಮನಿಸಿ. ಮೊಸರು ಬಿಡುವ ತಿಂಗಳಲ್ಲಿ ತರಕಾರಿ ವಾಪಸ್ ಬಂದಿರುತ್ತದೆ, ಹಾಲು ಬಿಡುವ ತಿಂಗಳಲ್ಲಿ ಮೊಸರು. ಮೊಸರನ್ನು ಶಾಶ್ವತವಾಗಿ ಬಿಡಿಸುವುದು ಯಾರ ಉದ್ದೇಶವೂ ಅಲ್ಲ. ಬದಲಿಗೆ, ತಿಂಗಳ ನಂತರದ ಮೊದಲ ಮೊಸರನ್ನವಿದೆಯಲ್ಲ, ಅದರ ರುಚಿ ವ್ರತ ಹಿಡಿಯದವರಿಗೆ ತಿಳಿಯುವುದಿಲ್ಲ ಎಂದು ಬಲ್ಲವರು ಹೇಳುತ್ತಾರೆ.

ಕರಾವಳಿಯವರಂತೂ ತಿಂಗಳ ರಗಳೆಯನ್ನೇ ಇಟ್ಟುಕೊಂಡಿಲ್ಲ. ಆಟಿ ಅಮಾವಾಸ್ಯೆಯ ನಸುಕಿನಲ್ಲಿ ಪಾಲೆ ಮರದ ತೊಗಟೆಯನ್ನು, ಕತ್ತಿ ತಾಗಿಸದೆ, ಕಲ್ಲಿನಿಂದ ಜಜ್ಜಿ ತಂದು, ಖಾಲಿ ಹೊಟ್ಟೆಗೆ ಒಂದು ಲೋಟ ಕಷಾಯ. ನಾಲಗೆಯಿಂದ ಹಿಮ್ಮಡಿಯವರೆಗೆ ಕಹಿ. ಮೇಲೊಂದಿಷ್ಟು ಮೆಂತೆ ಗಂಜಿ. ಬೆಳಿಗ್ಗೆ ಏಳಕ್ಕೆಲ್ಲ ವರ್ಷದ ಆರೋಗ್ಯ ಪೂರೈಸಿತು, ಇನ್ನು ಕೆಲಸಕ್ಕೆ ಹೊರಡಬಹುದು.

ಮೀಮಾಂಸಕರು ಕರ್ಮದಲ್ಲಿ ನಿತ್ಯ, ಕಾಮ್ಯ ಎಂದು ಭೇದ ಮಾಡುತ್ತಾರೆ. ಫಲ ಬೇಕೆಂದು ಮಾಡುವುದು ಕಾಮ್ಯ. ಫಲ ಬಂದ ಮೇಲೆ ಅದರ ಕೆಲಸ ಮುಗಿಯಿತು. ನಿತ್ಯವನ್ನು ಮಾಡಿದರೆ ವಿಶೇಷ ಪುಣ್ಯವೇನಿಲ್ಲ, ಬಿಟ್ಟರೆ ಮಾತ್ರ ದೋಷ. ಹಲ್ಲುಜ್ಜುವುದು ನಿತ್ಯ, ಉಜ್ಜಿದ್ದಕ್ಕೆ ಯಾರೂ ಶಹಬ್ಬಾಸ್ ಹೇಳುವುದಿಲ್ಲ, ಬಿಟ್ಟರೆ ಎದುರಿಗೆ ಕೂತವರು ಹೇಳುತ್ತಾರೆ. ಮಾಸಚಾಲೆಂಜ್ ಶುದ್ಧ ಕಾಮ್ಯ. ಅದರಲ್ಲಿ ಸಂಕಲ್ಪವಿದೆ, ಉದ್ಯಾಪನೆಯಿದೆ; ಮೊದಲ ದಿನವೇ ಕಡೆಯ ದಿನ ಗೊತ್ತಿರುವುದೇ ಅದನ್ನು ಹಿಡಿಯುವ ಧೈರ್ಯ ಕೊಡುವುದು. ಕಾಮ್ಯವನ್ನು ಮೂವತ್ತು ಸಲ ತಿರುಗಿಸಿದರೆ ನಿತ್ಯವಾಗಿಬಿಡುತ್ತದೆ ಎಂದು ಯಾವ ಶಾಸ್ತ್ರಕಾರನೂ ಮಾತು ಕೊಟ್ಟಿಲ್ಲ, ವಾಚಿನ ಕಂಪನಿಯವರ ಹೊರತು. ಆದ್ದರಿಂದ ಸಿದ್ಧಾಂತ: ಮಾಸಚಾಲೆಂಜಿನ ಮುಖ್ಯ ಫಲ ಮೂವತ್ತೊಂದನೇ ದಿನ.

ಹಾಗಾದರೆ ಶಬರಿಮಲೆಗೆ ಮಾಲೆ ಹಾಕಿದವರು ನಲವತ್ತೊಂದು ದಿನ ಬೀಡಿ, ಹೆಂಡ ಮುಟ್ಟದಿರುವುದು ಹೇಗೆ? ಅಲ್ಲಿ ಮನೋಬಲದ ಜೊತೆಗೆ ಕಪ್ಪು ಪಂಚೆಯ ಬಲವೂ ಇದೆ. ಮಾಲೆ ಕಂಡರೆ ಅಂಗಡಿಯವನೇ “ಸ್ವಾಮೀ, ಸಿಗರೇಟು ಯಾರಿಗೆ?” ಎಂದು ಕೇಳುತ್ತಾನೆ. ಇಡೀ ಬೀದಿಯೇ ಕಾವಲು ಕೂತಾಗ ತಪ್ಪುವುದು ಕಷ್ಟ. ರಾಯರ ವಾಕಿಂಗ್ ಗ್ರೂಪಿನಲ್ಲಿ ಕಾವಲು ಬಲು ಸಡಿಲ: ಮೊದಲ ವಾರ ಕೆರೆಯ ಸೂರ್ಯೋದಯದ ಫೋಟೋಗಳು, ಎರಡನೇ ವಾರ ಬರೀ ಶುಭೋದಯ, ಮೂರನೇ ವಾರ ‘ಎರಡು ಬೆಡ್‌ರೂಮಿನ ಮನೆ ಬಾಡಿಗೆಗಿದೆ, ಸಸ್ಯಾಹಾರಿಗಳಿಗೆ ಆದ್ಯತೆ’.

ಪ್ರಾಯಶ್ಚಿತ್ತ ಮತ್ತು ಉದ್ಯಾಪನೆ

ಒಂದು ದಿನ ತಪ್ಪಿದರೆ? ಒಂದು ದಿನದ ಲೋಪದಿಂದ ಅಭ್ಯಾಸಕ್ಕೆ ಹೇಳಿಕೊಳ್ಳುವಂಥ ಧಕ್ಕೆಯಿಲ್ಲವೆಂದು ಮೇಲೆ ಹೇಳಿದ ಲಂಡನ್ನಿನವರೇ ಅಭಯ ಕೊಟ್ಟಿದ್ದಾರೆ. ಈ ಅಭಯವನ್ನು ದಿನಕ್ಕೊಂದು ಸಲದಂತೆ ಬಳಸಬಹುದೇ ಎಂಬುದು ರಾಯರ ಶಂಕೆ.

ತಿಂಗಳು ಮುಗಿದಾಗ ಗ್ರೂಪಿನವರು ಸಮಾರಂಭ ಇಟ್ಟುಕೊಂಡರು. ಹದಿನೇಳು ದಿನ ನಡೆದು ಅಗ್ರಗಣ್ಯರಾದ ರಾಯರಿಗೆ ಶೀಲ್ಡು, ಶಾಲು, ಹಣ್ಣಿನ ತಟ್ಟೆ, ಎಲ್ಲರಿಗೂ ಕೇಸರಿಬಾತು. ಯಾರೋ ಎದ್ದು, ರಾಯರ ಮನೆಯವರು ಮದುವೆಯಾಗಿ ಬಂದಾಗಿನಿಂದ ಒಂದು ದಿನವೂ ತಪ್ಪದೆ ಐದಕ್ಕೆದ್ದು ಬಾಗಿಲು ಸಾರಿಸಿ ರಂಗೋಲಿ ಇಡುತ್ತಾರೆ, ಮೂರು ಮಹಡಿ ಹತ್ತಿಳಿದು ಕೆಳಗಿನ ತುಳಸಿಗೆ ನೀರು ಹಾಕುತ್ತಾರೆ, ಅವರಿಗೂ ಏನಾದರೂ ಕೊಡಬಹುದಲ್ಲ ಎಂದರು. ಸಮಿತಿಯವರು ಫಾರಂ ತೆಗೆದು ನೋಡಿದರು. ಆರಂಭದ ದಿನಾಂಕ, ಮುಕ್ತಾಯದ ದಿನಾಂಕ ಎಂದು ಎರಡು ಕಾಲಂಗಳಿದ್ದವು. ಮೊದಲನೆಯದು ಆಕೆಗೆ ನೆನಪಿರಲಿಲ್ಲ. ಎರಡನೆಯದರ ಬಗ್ಗೆ ಕೇಳಿದ್ದಕ್ಕೆ, “ಅದು ನನಗೇನು ಗೊತ್ತಪ್ಪಾ” ಎಂದು ನಕ್ಕು ಕೇಸರಿಬಾತು ಬಡಿಸಲು ಹೋದರು. ಅರ್ಜಿ ಅಪೂರ್ಣವೆಂದು ತಿರಸ್ಕೃತವಾಯಿತು. ರಾಯರು ಎರಡನೇ ಸಲ ಬಡಿಸಿಕೊಂಡು, ಮುಂದಿನ ಬ್ಯಾಚಿಗೆ ಹೆಸರು ಕೊಟ್ಟರು. ಸೋಮವಾರದಿಂದ.