ಬನ್ನೂರಿನಲ್ಲಿ ರುಚಿ ಶೋಧಕ

ಬೆಂಗಳೂರಿನ ರುಚಿ ಶೋಧಕ ಊಟವನ್ನು ಮೊದಲು ಮೊಬೈಲಿಗೆ ಉಣಿಸಿ, ಆಮೇಲೆ ತಾನು ಉಣ್ಣುತ್ತಾನೆ. ತಿ. ನರಸೀಪುರ ತಾಲ್ಲೂಕಿನ ಬನ್ನೂರಿಗೆ ಅವನನ್ನು ಎಳೆತರುವುದು ಅಲ್ಲಿನ ಕುರಿ. ಗಿಡ್ಡ ಕಾಲಿನ ಈ ತಳಿ ಮೃದು ಮಾಂಸಕ್ಕೆ ಹೆಸರುವಾಸಿ. ಅಲ್ಲಿ ನಡೆಯುವ ಮಾತುಕತೆ ಹೀಗಿರುತ್ತದೆ:

ಶೋಧಕ: ನಮ್ಮಲ್ಲಿ ಬೋರ್ಡು ಬೋರ್ಡಿಗೂ ‘ಬನ್ನೂರು ಕುರಿ’ ಇದೆಯಲ್ಲ?

ಊರವ: ಬೋರ್ಡಿಗೆ ಏರಿದಷ್ಟು ಕುರಿ ನಮ್ಮ ಹೊಲದಲ್ಲೂ ಇಲ್ಲ ಸ್ವಾಮಿ.

ಶೋಧಕ: ಡೆಸರ್ಟ್?

ಊರವ: ನಂಜನಗೂಡು ರಸಬಾಳೆ. ಭೌಗೋಳಿಕ ಸೂಚಿಕೆ (ಜಿಐ) ಏನೋ ಸಿಕ್ಕಿತು, ಆದರೆ ಸೊರಗು ರೋಗ ಬಡಿದು ಹಣ್ಣು ಸಿಗೋದೇ ಅಪರೂಪ.

ಶೋಧಕ: ಸ್ಪಾ?

ಊರವ: ಹರಳೆಣ್ಣೆ, ಸೀಗೆಕಾಯಿ, ಹಂಡೆ ನೀರು. ತಲೆ ತಿಕ್ಕೋದು ಅಜ್ಜಿ. ಬುಕಿಂಗ್ ಇಲ್ಲ, ಬೈಗುಳ ಉಚಿತ.

ಶೋಧಕ ಮೂರು ನಕ್ಷತ್ರ ಕೊಟ್ಟು ಬೆಂಗಳೂರಿಗೆ ಮರಳಿ, ಬೋರ್ಡಿನ ಕುರಿಯನ್ನೇ ತಿನ್ನುತ್ತಾನೆ. ತಳಿಯ ಹೆಸರು ಬೆಳೆಯುವ ವೇಗದಲ್ಲಿ ತಳಿ ಬೆಳೆಯದು.